ನಸುಕಿನ ಎದೆನೋವು, ಹಗಲಿನ ಇಸಿಜಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನಸುಕಿನಲ್ಲಿ ಎದೆ ಹಿಡಿದರೆ ಮನೆಯವರ ಮೊದಲ ಮಾತು, ‘ಗ್ಯಾಸ್ ಆಗಿರಬೇಕು’. ಬೆಳಕು ಹರಿದು ತಾಲ್ಲೂಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನೋವು ಇಳಿದಿರುತ್ತದೆ, ಇಸಿಜಿಯೂ ಸರಿ ಇರುತ್ತದೆ. ಹಲವರಿಗೆ ಅದು ಗ್ಯಾಸೇ. ಕೆಲವರಿಗೆ ಮಾತ್ರ ಹೃದಯದ ರಕ್ತನಾಳವೇ ಕೆಲ ನಿಮಿಷ ಬಿಗಿದುಕೊಂಡು ಸಡಿಲಾಗಿರುತ್ತದೆ. ವೈದ್ಯರು ಸ್ಪಾಸಂ ಎನ್ನುವುದು ಇದನ್ನೇ. ದುಡಿಯುವಾಗ ಬಾರದೆ ಮಲಗಿದಾಗ ಬರುವ ಈ ನೋವನ್ನು ಅಮೆರಿಕದ ವೈದ್ಯ ಪ್ರಿನ್ಸ್‌ಮೆಟಲ್ 1959ರಲ್ಲಿ ವಿವರಿಸಿದರು.

ಇದರ ಔಷಧಿ ದುಬಾರಿಯಲ್ಲ. ನೋವು ಬಂದಾಗ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್. ಮತ್ತೆ ಬಾರದಂತೆ ಡಿಲ್ಟಿಯಾಜೆಮ್, ಅಮ್ಲೋಡಿಪಿನ್‌ನಂಥ ಕ್ಯಾಲ್ಸಿಯಂ ತಡೆ ಗುಳಿಗೆ. ತಕರಾರು ಇರುವುದು ಬಳಸುವ ರೀತಿಯಲ್ಲಿ. ಸಾರ್ಬಿಟ್ರೇಟ್‌ಗೆ ನೋವು ಇಳಿಯಿತೆಂದರೆ ಹೃದಯದ್ದೇ ಎನ್ನುವಂತಿಲ್ಲ, ಅನ್ನನಾಳದ ಬಿಗಿತವೂ ಅದಕ್ಕೆ ಸಡಿಲಾಗುತ್ತದೆ. ಸಾರ್ಬಿಟ್ರೇಟ್‌ನಂಥ ನೈಟ್ರೇಟನ್ನು ಬಿಡುವಿಲ್ಲದೆ ಕೊಟ್ಟರೆ ಮೈ ಅದಕ್ಕೆ ಒಗ್ಗಿ ಗುಣ ಕುಗ್ಗುತ್ತದೆ. ಎದೆನೋವೆಂದರೆ ಕಣ್ಣುಮುಚ್ಚಿ ಬೀಟಾ ಬ್ಲಾಕರ್ ಬರೆಯುವ ರೂಢಿ ಇಲ್ಲಿ ತಿರುಗುಬಾಣವಾಗಬಹುದು. ಪ್ರೊಪ್ರನೊಲಾಲ್‌ನಂಥವು ಸ್ಪಾಸಂ ಹೆಚ್ಚಿಸಬಲ್ಲವು. ನಸುಕಿಗೆ ಕಾಡುವ ನೋವಿಗೆ ಗುಳಿಗೆಯ ಬಲ ನಸುಕಿನಲ್ಲೇ ಇರಬೇಕು. ಆದ್ದರಿಂದ ಎಷ್ಟು ಗಂಟೆಗೆ ನುಂಗಬೇಕೆಂಬುದನ್ನೂ ಚೀಟಿಯಲ್ಲಿ ಬರೆಯಬೇಕು. ಬರೆಯುವವರು ಕಡಿಮೆ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುತ್ತದೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತದೆ. ಮೆಚ್ಚಲೇಬೇಕಾದ ಕೆಲಸ. ಆದರೆ ಅದರ ಕಣ್ಣು ಹೆಪ್ಪಿನ ಮೇಲಿದೆ. ಬಂದು ಹೋಗುವ ಬಿಗಿತ ಸಿಗಬೇಕಾದರೆ ನೋವಿರುವಾಗಲೇ ಒಂದು ಇಸಿಜಿ, ಇಳಿದ ಮೇಲೆ ಇನ್ನೊಂದು ಬೇಕು. ರೋಗಿ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಆಂಜಿಯೋಗ್ರಾಂ ಮಾಡಿಸಿದರೂ ನಾಳ ಸ್ವಚ್ಛವಾಗಿಯೇ ಕಾಣಬಹುದು. ಅಲ್ಲಿಗೆ ‘ಏನೂ ಇಲ್ಲ, ಟೆನ್ಶನ್ ಬಿಡ್ರಿ’ ಎಂದು ಕಳಿಸಿಬಿಟ್ಟರೆ ಅರ್ಧ ಪರೀಕ್ಷೆ ಮಾಡಿದಂತೆ. ಜಪಾನಿನಲ್ಲಿ ನಾಳದೊಳಗೆ ಅಸಿಟೈಲ್‌ಕೋಲಿನ್ ಎಂಬ ಔಷಧಿ ಹಾಯಿಸಿ ಅದು ಬಿಗಿಯುತ್ತದೆಯೇ ಎಂದು ನೋಡುವುದು ವಾಡಿಕೆ. ಅದು ದೊಡ್ಡ ಕೇಂದ್ರದಲ್ಲಿ ಮಾತ್ರ ಮಾಡುವ ಪರೀಕ್ಷೆ, ತಾಲ್ಲೂಕಿನಲ್ಲಿ ಅದನ್ನು ಕೇಳುವುದು ಅನ್ಯಾಯ. ಎರಡು ಇಸಿಜಿ ಕೇಳುವುದು ಅನ್ಯಾಯವಲ್ಲ.

ಬೀಡಿ, ಸಿಗರೇಟು ಬಿಡದವರಿಗೆ ಗುಳಿಗೆಯೂ ಅರ್ಧ ಕೆಲಸವನ್ನೇ ಮಾಡುತ್ತದೆ. ಸ್ಪಾಸಂಗೆ ಧೂಮಪಾನಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ನೋವು ನಿಂತಿತೆಂದು ಕ್ಯಾಲ್ಸಿಯಂ ತಡೆ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಬಿಗಿತ ಜೋರಾಗಿ ಮರುಕಳಿಸಬಹುದು. ಎದೆನೋವು ಹತ್ತು ನಿಮಿಷ ದಾಟಿದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಹಳೆಯ ಇಸಿಜಿ ಇದ್ದರೆ ಜೊತೆಗೊಯ್ಯಿರಿ.