ಕೌಜಲಗಿಯಿಂದ ಧಾರವಾಡಕ್ಕೆ: ವಿದ್ಯೆಯ ಊರನ್ನು ನೋಡುವ ಬಗೆ

ವಿಶ್ವವಿದ್ಯಾಲಯವಿರುವ ಊರನ್ನು ನೋಡಲು ಹೋದವರು ಸಾಮಾನ್ಯವಾಗಿ ಅದರ ಮುಖ್ಯ ಕಟ್ಟಡದ ಮುಂದೆ ನಿಂತು, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಆದರೆ ಓದಲು ಬಂದವರು ಎಲ್ಲಿ ಉಳಿದರು, ಯಾರ ಮನೆಯ ಅನ್ನ ಉಂಡರು, ಅವರ ದೀಪದ ಎಣ್ಣೆಯ ಖರ್ಚನ್ನು ಯಾರು ಹೊತ್ತರು ಎಂಬುದನ್ನು ತಿಳಿಯದೆ ಅಂಥ ಊರಿನ ಚರಿತ್ರೆ ಕೈಗೆ ಸಿಗುವುದಿಲ್ಲ. ಗೋಕಾಕ ಸೀಮೆಯ ಕೌಜಲಗಿಯಿಂದ ಯರಗಟ್ಟಿ, ಸವದತ್ತಿಗಳನ್ನು ಹಾಯ್ದು ಧಾರವಾಡಕ್ಕೆ ಹೋಗುವವರಂತೂ ಇದನ್ನು ಕೇಳಿಕೊಳ್ಳಲೇಬೇಕು, ಏಕೆಂದರೆ ಧಾರವಾಡವನ್ನು ವಿದ್ಯೆಯ ಊರಾಗಿಸಿದವರಲ್ಲಿ ಇಂಥ ದಾರಿಗಳನ್ನು ತುಳಿದು ಬಂದ ಹಳ್ಳಿಯ ಹುಡುಗರ ಪಾಲು ದೊಡ್ಡದು.

ಹಳೆಯ ಕನ್ನಡ ನಾಡು ಈ ಲೆಕ್ಕವನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿವರವನ್ನು ಕ್ರಿ.ಶ. 945ರ ಸ್ತಂಭಶಾಸನ ಕೊಡುತ್ತದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ, ಎಂದರೆ ಆ ಕಾಲದ ಅಳತೆಯ ಅಷ್ಟು ಭೂಮಿ, ದತ್ತಿಯಾಗಿತ್ತು. ಊರವರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ ನಾಣ್ಯದಂತೆ ಶಾಲೆಗೆ ಸಲ್ಲಿಸಬೇಕಾಗಿತ್ತು. ಚಿತ್ತಾಪುರದ ಹತ್ತಿರದ ನಾಗಾವಿಯ 1058ರ ಶಾಸನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಉನ್ನತ ವ್ಯಾಸಂಗದ ಕೇಂದ್ರದಲ್ಲಿ, ವೇದ ಕಲಿಸಲು ಮೂವರು, ಶಾಸ್ತ್ರ ಕಲಿಸಲು ಮೂವರು, ಹೀಗೆ ಆರು ಅಧ್ಯಾಪಕರಿದ್ದರೆ, ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೂ ಆರು ಮಂದಿಯೇ ಇದ್ದರು. ಕಲಿಸುವವರಷ್ಟೇ ಸಂಖ್ಯೆಯಲ್ಲಿ ಪುಸ್ತಕ ಕಾಯುವವರನ್ನು ನೇಮಿಸಿದ ಆ ವಿವೇಕಕ್ಕೆ ಇಂದಿನ ವಿದ್ಯಾಸಂಸ್ಥೆಗಳು ತಲೆಬಾಗಬೇಕು.

ಅಗ್ರಹಾರ, ಘಟಿಕೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬ ಮಾತನ್ನೂ ಇಲ್ಲಿಯೇ ಹೇಳಬೇಕು. ಧಾರವಾಡದ ಹಿರಿಮೆ ಆರಂಭವಾಗುವುದು ಆ ಬಾಗಿಲು ಅಗಲವಾದಲ್ಲಿಂದ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದ ಕಾಲದಲ್ಲಿ, 1883ರಲ್ಲಿ, ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಬಡ ವಿದ್ಯಾರ್ಥಿಗಳ ನೆರವಿಗೆ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1917ರಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಸದರ್ನ್ ಮರಾಠಾ ರೇಲ್ವೆ ಕಂಪನಿಯು 1908ರಲ್ಲಿ ಮದ್ರಾಸ್ ರೇಲ್ವೆಯೊಡನೆ ವಿಲೀನವಾಗಿ ಅದರ ಮುಖ್ಯ ಕಚೇರಿ ಮದ್ರಾಸಿಗೆ ಹೋದ ಮೇಲೆ ತೆರವಾದ ಕಟ್ಟಡವೇ ಈ ಕಾಲೇಜಿಗೆ ಮನೆಯಾಯಿತು. ಧಾರವಾಡದಲ್ಲಿ ಒಂದೇ ಒಂದು ಕಟ್ಟಡವನ್ನು ನಿಧಾನವಾಗಿ ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು: ರೈಲಿನ ಸರಕು ಮತ್ತು ಟಿಕೆಟ್ಟಿನ ಲೆಕ್ಕ ನಡೆದಿದ್ದ ಕೋಣೆಗಳಲ್ಲಿ ಗಣಿತ, ಸಂಸ್ಕೃತ, ಇಂಗ್ಲಿಷ್ ತರಗತಿಗಳು ನಡೆದವು. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೋಗುವ ಮುನ್ನ ಗಣಿತ ಓದಿದ್ದು ಇಲ್ಲಿಯೇ.

ಇದೇ ಕಥೆಯಲ್ಲಿ ಗೋಕಾಕ ತಾಲ್ಲೂಕಿಗೂ ಒಂದು ದೊಡ್ಡ ಹೆಸರಿದೆ. ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಓದಿ ರ‍್ಯಾಂಗ್ಲರ್ ಎನಿಸಿದರು. ಅಲ್ಲಿನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ಸಲ್ಲುವ ಬಿರುದು ಅದು. ಕೇಂಬ್ರಿಜ್‌ನಲ್ಲಿ ಕಾಲೇಜೆಂದರೆ ಪಾಠ ನಡೆಯುವ ಜಾಗ ಮಾತ್ರವಲ್ಲ, ವಿದ್ಯಾರ್ಥಿ ಉಂಡು ಮಲಗುವ ಮನೆಯೂ ಹೌದು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು. ಛೋಟಾ ಮಹಾಬಳೇಶ್ವರವೆಂದು ಕರೆಯುವ ಗುಡ್ಡದ ಮೇಲೆ ನೂರಾರು ಎಕರೆಯ ಆವರಣ ರೂಪುಗೊಂಡದ್ದು ಅವರ ಕಾಲದಲ್ಲಿ. ಅದರ ಅಂಚೆ ವಿಳಾಸದಲ್ಲಿ ಇಂದಿಗೂ ಪಾವಟೆ ನಗರವೆಂದೇ ಇರುತ್ತದೆ. ಮುಂದೆ ಅವರು ಪಂಜಾಬಿನ ರಾಜ್ಯಪಾಲರಾದರು. ಆದರೂ ಅವರ ಹೆಸರು ಬೇರೂರಿರುವುದು ಈ ಗುಡ್ಡದ ಮೇಲೆಯೇ.

ಆವರಣದೊಳಗೆ ಹೋದವರು ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು. 1939ರಲ್ಲಿ ಮುಂಬಯಿ ಸರ್ಕಾರ ಆರಂಭಿಸಿ, ಮುಂದೆ ವಿಶ್ವವಿದ್ಯಾಲಯದ ಅಂಗವಾದ ಈ ಸಂಸ್ಥೆಯಲ್ಲಿ ಶಿಲ್ಪಗಳೂ ವೀರಗಲ್ಲುಗಳೂ ಇವೆ. ಕಾದಾಡಿ ಮಡಿದವನ ನೆನಪಿಗೆ ನೆಟ್ಟ ಕಲ್ಲೇ ವೀರಗಲ್ಲು; ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಅಥವಾ ಜಿನನ ಸನ್ನಿಧಿ. ಶಾಸನ ಪುಸ್ತಕಗಳನ್ನು ಎಂದೂ ತೆರೆಯದವರೂ ಒಂದು ಕಲ್ಲನ್ನು ಹೀಗೆ ಓದಲು ಕಲಿತರೆ, ಮರಳಿ ಬಂದು ತಮ್ಮೂರಿನ ಗುಡಿಯ ಅಂಗಳದ ಕಲ್ಲುಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಹಳ್ಳಿಯಿಂದ ನಗರಕ್ಕೆ ಹೋದದ್ದು ವಿದ್ಯಾರ್ಥಿಗಳು ಮಾತ್ರವಲ್ಲ. ಕೌಜಲಗಿಯ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಹೆಸರಾಂತ ಕಲಾವಿದೆ. ಅದೇ ಸೀಮೆಯ ಕುಲಗೋಡದ ತಮ್ಮಣ್ಣ ಆ ಸಣ್ಣಾಟವನ್ನು, ಎಂದರೆ ಹಾಡು ಮತ್ತು ಮಾತುಗಳಲ್ಲಿ ನಡೆಯುವ ಬಯಲ ನಾಟಕವನ್ನು, ತಿದ್ದಿ ಬೆಳೆಸಿದವನು. ಜಾನಪದವನ್ನು ಸ್ನಾತಕೋತ್ತರ ಅಧ್ಯಯನದ ವಿಷಯವಾಗಿಸುವುದರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಚೂಣಿಯಲ್ಲಿತ್ತು. ಊರ ಅಂಗಳದ ಆಟವೊಂದು ಹೀಗೆ ಪದವಿಯ ಪಾಠವಾದದ್ದು ಕೌಜಲಗಿಯವರು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

ಗುಡ್ಡದಿಂದ ಇಳಿದ ಮೇಲೆ ಊರೊಳಗೆ ಕಾಲ್ನಡಿಗೆಯೇ ಸರಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಬೇಂದ್ರೆಯವರ ಸಾಧನಕೇರಿ, ಲೈನ್ ಬಜಾರಿನ ಪೇಡೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಸುಭಾಸ ರಸ್ತೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇದ್ದದ್ದು ಅಲ್ಲಿ. ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಅಲ್ಲಿಂದ. ಕೀರ್ತಿನಾಥ ಕುರ್ತಕೋಟಿ, ಎ.ಕೆ. ರಾಮಾನುಜನ್ ಮೊದಲಾದವರ ಚರ್ಚೆ ನಡೆದದ್ದೂ ಅಲ್ಲಿಯೇ. ವಿಶ್ವವಿದ್ಯಾಲಯ ಕೊಡಲಾಗದ ಶಿಕ್ಷಣವನ್ನು ಆ ಊರಿನ ಒಂದು ಮಹಡಿ ಕೊಡಬಲ್ಲುದಾಗಿತ್ತು.

2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾದ ಮೇಲೆ ಕೌಜಲಗಿಯ ವಿದ್ಯಾರ್ಥಿಗೆ ಪದವಿಗಾಗಿ ಧಾರವಾಡದ ಹಂಗಿಲ್ಲ. ಈಗ ಹೋಗುವವರು ಮನಸ್ಸಿದ್ದು ಹೋಗುವವರು. ಅಂಥವರು ದಿನದ ಕೊನೆಯ ಒಂದು ಗಂಟೆಯನ್ನಾದರೂ ಮುರುಘಾಮಠಕ್ಕೆ ಮೀಸಲಿಡಬೇಕು. ಮೃತ್ಯುಂಜಯ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಬೆಳೆದ ಉಚಿತ ಪ್ರಸಾದ ನಿಲಯ, ಅಂದರೆ ಊಟ ವಸತಿಗಳ ವಿದ್ಯಾರ್ಥಿಗೃಹ, ಕೈಯಲ್ಲಿ ಕಾಸಿಲ್ಲದೆ ಬಂದ ಉತ್ತರ ಕರ್ನಾಟಕದ ಎಷ್ಟೋ ಹುಡುಗರನ್ನು ಪದವಿಯವರೆಗೆ ಸಾಕಿತು. ಮುಖ್ಯ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳಲು ಸಾಲುಗಟ್ಟುವವರಲ್ಲಿ ಹತ್ತು ಮಂದಿಯಾದರೂ ಇಲ್ಲಿಗೆ ಬಂದು, ಊಟದ ಪಂಕ್ತಿ ಹೇಗೆ ನಡೆಯುತ್ತಿತ್ತು, ಜೋಳ ಎಲ್ಲಿಂದ ಬರುತ್ತಿತ್ತು ಎಂದು ಹಿರಿಯರನ್ನು ವಿಚಾರಿಸಲಿ.