ಸಮಜ, ಸಮಾಜ, ಸಮಾಜಶಾಸ್ತ್ರ

ಸಂಸ್ಕೃತದಲ್ಲಿ 'ಸಮಜ'ವೆಂದೂ 'ಸಮಾಜ'ವೆಂದೂ ಎರಡು ಶಬ್ದಗಳುಂಟು. ಎರಡಕ್ಕೂ ಧಾತುವೊಂದೇ, ಹೋಗುವುದು, ಅಟ್ಟುವುದು ಎಂಬ ಅರ್ಥಗಳುಳ್ಳ 'ಅಜ' ಧಾತು. ಎರಡಕ್ಕೂ ಗುಂಪೆಂದೇ ಅರ್ಥ. ಆದರೆ ಪಾಣಿನಿಯು ಹ್ರಸ್ವರೂಪವನ್ನು ಪಶುಗಳ ಗುಂಪಿಗೆ ಮೀಸಲಾಗಿಟ್ಟನು. ಕೋಶಕಾರನಾದ ಅಮರಸಿಂಹನೂ ಆ ವಿಂಗಡಣೆಯನ್ನೇ ಅನುಸರಿಸಿದನು. ಅಂತರವು ಒಂದೇ ಮಾತ್ರೆಯದು. ದನಗಳು ಅಟ್ಟಿಸಿಕೊಂಡು ಹೋಗುವುವು, ಮನುಷ್ಯರು ಕೂಡಿಕೊಂಡು ಹೋಗುವರು ಎಂದು ವೈಯಾಕರಣರು ವಿವರಿಸಲಿಲ್ಲ. ಹಾಗೆ ಅರ್ಥಮಾಡಿಕೊಂಡರೆ ಅವರ ಅಡ್ಡಿಯೂ ಇರಲಾರದು. ಪಾಶ್ಚಾತ್ಯರ ಸೋಷಿಯಾಲಜಿಗೆ ಸಮಾಜಶಾಸ್ತ್ರವೆಂದು ಹೆಸರಿಟ್ಟವರು ಈ ಮಾತ್ರೆಯನ್ನು ನೆನೆದಿದ್ದರೋ ಇಲ್ಲವೋ, ಆ ಶಾಸ್ತ್ರದ ಮುಖ್ಯ ವಿವಾದವು ಅದರಲ್ಲಿಯೇ ಅಡಗಿದೆ. ಮನುಷ್ಯನ ನಡತೆಯು ಅವನದೋ, ಅವನನ್ನು ಅಟ್ಟುವ ಶಕ್ತಿಗಳದೋ?

ವಿದ್ಯಾರ್ಥಿಗಳಿಗಾಗಿ ರಚಿತವಾದ ಪ್ರವೇಶಗ್ರಂಥಗಳು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಲಕ್ಷಣವಾಕ್ಯಗಳಲ್ಲಿ ಮುಗಿಸಿಬಿಡುವುವು. ಫ್ರಾನ್ಸ್ ದೇಶದ ಎಮಿಲ್ ಡರ್ಖೀಮನು 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾಮಾಜಿಕ ಸಂಗತಿಯೆಂಬುದು ವ್ಯಕ್ತಿಯ ಹೊರಗಿದ್ದು ಅವನನ್ನು ನಿರ್ಬಂಧಿಸತಕ್ಕದ್ದೆಂದು ನಿರೂಪಿಸಿದನು. ಎರಡು ವರ್ಷಗಳ ತರುವಾಯ, ಆತ್ಮಹತ್ಯೆಯಂಥ ಏಕಾಂತದ ಕೃತ್ಯಕ್ಕೂ ಸಮಾಜಬಂಧದ ಬಿಗಿ ಸಡಿಲಗಳೊಡನೆ ಸಂಬಂಧವುಂಟೆಂದು ಅಂಕಿಗಳಿಂದ ವಾದಿಸಿದನು. ಈ ವಾದದ ಧೈರ್ಯವು ಮೆಚ್ಚತಕ್ಕದ್ದು. ಪಠ್ಯಪುಸ್ತಕದಲ್ಲಾದರೋ ಅದು ನಾಲ್ಕು ಅಂಕದ ಉತ್ತರವಾಗಿ ಒಣಗುತ್ತದೆ. ಹಲಸೂರಿನ ಹುಡುಗನು ಪ್ಯಾರಿಸ್ಸಿನ ಉದಾಹರಣೆಯನ್ನು ಕಂಠಪಾಠಮಾಡಿ, ತನ್ನ ಬೀದಿಯಲ್ಲಿಯೇ ನಡೆಯುತ್ತಿರುವ ಶಾಸ್ತ್ರವನ್ನು ಕಾಣದೆ ಮನೆ ಸೇರುತ್ತಾನೆ.

ಅದನ್ನು ಕಾಣುವುದಕ್ಕೆ ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಸಾಕು. 2011ರ ಅಕ್ಟೋಬರ್ 20ರಂದು ಮಹಾತ್ಮ ಗಾಂಧಿ ರಸ್ತೆಗೂ ಬೈಯಪ್ಪನಹಳ್ಳಿಗೂ ನಡುವೆ ಆರಂಭವಾದ ಈ ಮಾರ್ಗವು 2023ರ ಅಕ್ಟೋಬರಿನಲ್ಲಿ ಕೃಷ್ಣರಾಜಪುರದೊಡನೆ ಕೂಡಿಕೊಂಡಿತು. ಇಂದಿರಾನಗರದ ನಿಲ್ದಾಣದಲ್ಲಿ ಹಳದಿ ಗೆರೆಯ ಹಿಂದೆ ವಿನಯದಿಂದ ನಿಂತಿದ್ದ ಗೃಹಸ್ಥನೇ, ಕೃಷ್ಣರಾಜಪುರದಲ್ಲಿ ಮೆಟ್ಟಿಲಿಳಿದು ಬಸ್ಸಿನ ಬಾಗಿಲನ್ನು ಸಮೀಪಿಸುವಷ್ಟರಲ್ಲಿ ಮೊಣಕೈಯನ್ನು ಉಪಯೋಗಿಸತೊಡಗುವನು. ಕಾಲುಗಂಟೆಯೊಳಗೆ ಅವನ ಶೀಲವು ಕೆಟ್ಟುಹೋಯಿತೆ? ಮೇಲೆ, ಈ ಗಾಡಿ ತಪ್ಪಿದರೆ ಇನ್ನೊಂದು ಬೇಗನೆ ಬರುವುದೆಂಬ ಭರವಸೆಯುಂಟು, ಕಾದವನಿಗೆ ನಷ್ಟವಿಲ್ಲ, ನೋಡುವ ಕಣ್ಣುಗಳೂ ಉಂಟು. ಕೆಳಗೆ, ಸರದಿ ಕಾದವನು ರಸ್ತೆಯಲ್ಲಿಯೇ ಉಳಿಯುವನು. ಮನುಷ್ಯನು ಅವನೇ, ಮಾತ್ರೆಯೊಂದು ಹ್ರಸ್ವವಾಯಿತು, ಅಷ್ಟೆ.

ಇದಕ್ಕಿಂತ ಗಹನವಾದದ್ದು ಭಾಷೆಯ ವಿಚಾರ. ದಂಡಿನ ಪ್ರದೇಶದವರಿಗೆ ಕನ್ನಡಾಭಿಮಾನವಿಲ್ಲವೆಂಬ ಆಕ್ಷೇಪವು ಪೇಟೆಯ ಕಡೆಯ ವಿದ್ಯಾವಂತರ ಮನೆಗಳಲ್ಲಿ ಇಂದಿಗೂ ಕೇಳಿಬರುವುದುಂಟು. ಅಭಿಮಾನವೆಂಬುದು ಕೇವಲ ಹುಟ್ಟುಗುಣವಾದರೆ ಮಾತು ಅಲ್ಲಿಗೆ ಮುಗಿಯಿತು. ಸಮಾಜಶಾಸ್ತ್ರವು ಆರಂಭವಾಗುವುದು ಅಲ್ಲಿಂದಲೇ. 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರ ದಂಡು ನೆಲಸಿದಾಗ, ಮದರಾಸಿನ ಸೈನ್ಯದ ಬೆನ್ನಹಿಂದೆ ತಮಿಳು ನುಡಿಯುವ ಕಂತ್ರಾಟುದಾರರೂ ಕುಶಲಕರ್ಮಿಗಳೂ ಪರಿಚಾರಕರೂ ಬಂದರು. ದಖನಿ ನುಡಿಯುವ ವ್ಯಾಪಾರಿಗಳೂ ಸೇರಿಕೊಂಡರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿತು; ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಅದು 1947ರ ಜುಲೈವರೆಗೂ ರೆಸಿಡೆಂಟರ ಕೈಯಲ್ಲಿಯೇ ಇದ್ದಿತು. ಕಬ್ಬನ್ ಉದ್ಯಾನದ ಆಚೆ ಒಂದು ಪುರಸಭೆ, ಈಚೆ ಒಂದು. ಇವೆರಡೂ ಕೂಡಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಇಷ್ಟು ಕಾಲವೂ ಇಲ್ಲಿಯ ನಿವಾಸಿಗೆ ಕನ್ನಡವನ್ನು ಕಲಿಯದೆಯೇ ಸಂಸಾರ ಸಾಗುವಂತೆ ಏರ್ಪಾಡಿದ್ದಿತು. ತಾತನಿಗೆ ಅವಶ್ಯವಿಲ್ಲದ್ದು ಮೊಮ್ಮಗನಿಗೆ ಬಾರದೆಹೋದರೆ ಅದನ್ನು ದ್ವೇಷವೆನ್ನುವುದು ನ್ಯಾಯವಲ್ಲ.

ಹಾಗೆಂದು ಸಕಲವನ್ನೂ ಏರ್ಪಾಡಿನ ತಲೆಗೆ ಕಟ್ಟುವುದು ಸಮಜವಾದವೇ ಹೊರತು ಸಮಾಜಶಾಸ್ತ್ರವಾಗದು. ರಸೆಲ್ ಮಾರುಕಟ್ಟೆಯ ವ್ಯಾಪಾರಿಯು ಗಿರಾಕಿಯ ಮುಖವನ್ನು ನೋಡಿ ಉರ್ದುವಿನಿಂದ ತಮಿಳಿಗೂ ತಮಿಳಿನಿಂದ ಕನ್ನಡಕ್ಕೂ ಹೊರಳುವನಷ್ಟೆ; ಅದನ್ನು ಅವನಿಗೆ ಯಾವ ರೆಸಿಡೆಂಟರೂ ಯಾವ ಕಾನೂನೂ ಕಲಿಸಲಿಲ್ಲ. ಲಾಭವು ಕಲಿಸಿತೆನ್ನಬಹುದು. ಆದರೆ ಚೌಕಾಸಿ ಮುಗಿದು ಹಣವು ಕೈಸೇರಿದ ಮೇಲೂ, ಮಗಳ ಹೆರಿಗೆಯಾಯಿತೇ ಎಂದು ಗಿರಾಕಿಯ ಭಾಷೆಯಲ್ಲಿಯೇ ವಿಚಾರಿಸುವುದಕ್ಕೆ ಲಾಭದ ಲೆಕ್ಕವು ಸಾಲದು.

ಕನ್ನಡನಾಡಿನಿಂದ ಈ ಶಾಸ್ತ್ರಕ್ಕೆ ಸಂದ ದೊಡ್ಡ ಕಾಣಿಕೆಯು ಮೈಸೂರಿನಲ್ಲಿ ಹುಟ್ಟಿ 1999ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಂ. ಎನ್. ಶ್ರೀನಿವಾಸರದು. ಕೊಡವರನ್ನು ಕುರಿತ 1952ರ ಗ್ರಂಥದಲ್ಲಿ ಅವರು 'ಸಂಸ್ಕೃತೀಕರಣ'ವೆಂಬ ತತ್ತ್ವವನ್ನು ಮಂಡಿಸಿದರು: ಕೆಳಗಿನದೆನಿಸಿದ ಜಾತಿಯು ಮೇಲಿನವರ ಆಚಾರಗಳನ್ನು ಕೈಕೊಂಡು, ಮದ್ಯಮಾಂಸಗಳನ್ನು ಬಿಟ್ಟು, ಕಾಲಕ್ರಮದಲ್ಲಿ ತನ್ನ ಸ್ಥಾನವನ್ನು ಏರಿಸಿಕೊಳ್ಳುವುದೆಂದು. ತತ್ತ್ವವು ಸೂಕ್ಷ್ಮವಾದದ್ದು, ಹೆಸರು ಮಾತ್ರ ದುರದೃಷ್ಟಕರ. ಸಂಸ್ಕೃತಭಾಷೆಯ ಒಂದು ವಿಭಕ್ತಿಯನ್ನೂ ಅರಿಯದೆ ಸಂಸ್ಕೃತೀಕರಣಹೊಂದುವವರೇ ಇದರಲ್ಲಿ ಹೆಚ್ಚು. ಅದು ಹಾಗಿರಲಿ. ಈ ತತ್ತ್ವವನ್ನು ಶಿವಾಜಿನಗರಕ್ಕೆ ತಂದು ನೋಡಿದರೆ ಇನ್ನೊಂದು ತೊಡಕು ಕಾಣುತ್ತದೆ. ಸೆಪ್ಟೆಂಬರ್ 8ರಂದು ಸಂತ ಮೇರಿಯ ಬಸಿಲಿಕಾದಲ್ಲಿ ಮಾತೆಗೆ ಸೀರೆಯುಡಿಸಿರುವರು, ತೇರು ಹೊರಡುವುದು, ಹರಕೆಹೊತ್ತವರು ಕಾವಿಯುಟ್ಟು ಬರುವರು, ಅನ್ಯಮತದವರೂ ಆ ಗುಂಪಿನಲ್ಲಿರುವರು. ಇಲ್ಲಿ ಯಾರು ಯಾರನ್ನು ನೋಡಿ ಮೇಲೇರುತ್ತಿರುವರು? ಏಣಿಯ ದೃಷ್ಟಾಂತವು ಇಲ್ಲಿ ನಿಲ್ಲದು. ಇದು ಪಕ್ಕದ ಮನೆಯಿಂದ ಪಾತ್ರೆಯನ್ನು ಕೇಳಿ ತಂದಂತೆ. ತಂದವರೂ ಕೊಟ್ಟವರೂ ಕ್ರಮೇಣ ಅದು ಯಾರದೆಂಬುದನ್ನು ಮರೆತಿರುವರು.

ಶ್ರೀನಿವಾಸರ ಅತ್ಯುತ್ತಮ ಗ್ರಂಥವು ಸಂಸ್ಕೃತೀಕರಣದ ಗ್ರಂಥವಲ್ಲ. 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ದಿ ರಿಮೆಂಬರ್ಡ್ ವಿಲೇಜ್'. 1948ರಲ್ಲಿ ಅವರು ಹಳೆಯ ಮೈಸೂರಿನ ಒಂದು ಹಳ್ಳಿಯಲ್ಲಿದ್ದು ಬರೆದುಕೊಂಡು, ಬಹುಕಾಲ ಪರಿಷ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದುವು. ಗ್ರಂಥವನ್ನು ಬರೆದದ್ದು ಬಹುಮಟ್ಟಿಗೆ ನೆನಪಿನಿಂದಲೇ. ಕೋಷ್ಠಕಗಳು ಸುಟ್ಟುಹೋದುದರಿಂದ ಮನುಷ್ಯರು ಉಳಿದುಕೊಂಡರೋ ಎಂಬಂತೆ, ಆ ಪುಟಗಳಲ್ಲಿ ಜಾತಿ ಕಸುಬುಗಳ ಕಟ್ಟಿನೊಳಗೇ ಒಬ್ಬೊಬ್ಬನೂ ತನ್ನ ತನ್ನ ಹಟ, ಹಾಸ್ಯ, ಲೋಭಗಳಿಂದ ಬೇರೆಬೇರೆಯಾಗಿ ನಿಲ್ಲುವನು. ಪ್ರವೇಶಗ್ರಂಥಗಳು ಕಳೆದುಕೊಂಡ ದೀರ್ಘವು ಇಲ್ಲಿ ದೊರೆಯುತ್ತದೆ.

ಆದರೂ ರಾಂಪುರವೆಂದು ಅವರು ಹೆಸರು ಮರೆಸಿದ ಆ ಹಳ್ಳಿಯಲ್ಲಿ, ಶಾಸ್ತ್ರಜ್ಞನನ್ನು ಶಾಸ್ತ್ರಜ್ಞನೆಂದು ಯಾರೂ ಬಗೆಯಲಿಲ್ಲ. ಬ್ರಾಹ್ಮಣನೆಂದು, ಭೂಮಿಯುಳ್ಳ ಕುಟುಂಬದವನೆಂದು ನಡೆಸಿಕೊಂಡರು. ಆದಕಾರಣ ಆ ಹಳ್ಳಿಯು ಅವರಿಗೆ ಕಂಡದ್ದು ಬಹುಮಟ್ಟಿಗೆ ಮೇಲುಜಾತಿಯ ಕಣ್ಣಿಗೆ ಕಂಡಂತೆ. ಅಸ್ಪೃಶ್ಯರೆನಿಸಿದವರ ನಡುವೆಯೂ ಮುಸಲ್ಮಾನರ ನಡುವೆಯೂ ಅದೇ ಸಲಿಗೆಯು ಸಾಧ್ಯವಾಗಲಿಲ್ಲ. ಇದನ್ನು ಮುಚ್ಚಿಡದೆ ಹೇಳಿದ್ದು ಅವರ ಹಿರಿಮೆ. ಶಿವಾಜಿನಗರವನ್ನು ಕುರಿತು ಅಂಥದೊಂದು ಗ್ರಂಥವನ್ನು ಬರೆಯಹೊರಡುವವರೂ, ಯಾರ ಮನೆಯ ಜಗಲಿಯಲ್ಲಿ ಕುಳಿತು ನೋಡತಕ್ಕದ್ದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುವುದು. ಅಲ್ಲಿಯ ಓಣಿಗಳಲ್ಲಿ ಜಗಲಿಯುಳ್ಳ ಮನೆಗಳು ಹೆಚ್ಚಿಲ್ಲ.