ಊರೀಯನ ಹೆಸರಿರುವ ವಂಶಾವಳಿ

ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಅದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಆ ದಿನದ ಪೂಜೆಗೆ ನಿಗದಿಯಾದ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ. ಅದರ ತುಂಬ ಅಬ್ರಹಾಮನಿಂದ ಯೇಸುವಿನವರೆಗಿನ ಹೆಸರುಗಳ ಸಾಲು. ಬೇಡವೆಂದರೆ ಇದನ್ನು ಬಿಟ್ಟು 18ನೇ ವಚನದಿಂದ ಓದಬಹುದು, ಧರ್ಮಸಭೆಯ ಅನುಮತಿಯೇ ಇದೆ. ಮಕ್ಕಳು ಹೂ ಹಿಡಿದು ಕಾದಿರುವಾಗ ಅಜೋರ, ಅಖೀಮ ಎಂದು ನಾಲಿಗೆ ತೊಡರಿಸಿಕೊಳ್ಳುವುದು ಯಾರಿಗೆ ಬೇಕು? ಆದರೂ ಹಾಗೆ ಹಾರಿಸುವುದರ ಬಗ್ಗೆ ನನ್ನದೊಂದು ತಕರಾರಿದೆ.

ವಂಶಾವಳಿ ಎಂದರೆ ಜಮೀನಿನ ಪಾಲಿಗೆ ಬೇಕಾದ ಕಾಗದ, ಇಲ್ಲವೇ ಕುಲದ ಹೆಮ್ಮೆ. ಇಸ್ರಾಯೇಲಿನಲ್ಲೂ ಹಾಗೇ ಇತ್ತು. ಬಾಬೆಲಿನ ಸೆರೆಯಿಂದ ಮರಳಿದ ಕೆಲವು ಯಾಜಕ ಮನೆತನಗಳಿಗೆ ತಮ್ಮ ವಂಶದ ದಾಖಲೆ ಸಿಗಲಿಲ್ಲ. ಅಶುದ್ಧರೆಂದು ಅವರನ್ನು ಯಾಜಕತ್ವದಿಂದಲೇ ಹೊರಗಿಟ್ಟರು ಎನ್ನುತ್ತದೆ ಎಜ್ರನ ಪುಸ್ತಕ. ಮತ್ತಾಯ ಎತ್ತಿಕೊಂಡದ್ದು ಇದೇ ಶುದ್ಧಿಪತ್ರದ ಮಾದರಿಯನ್ನು. ಅದರಲ್ಲಿ ಅವನು ತುಂಬಿದ್ದು ಮಾತ್ರ ಬೇರೆ.

ಸಾರಾ, ರೆಬೆಕ್ಕ, ರಾಹೇಲ, ಲೇಯಾ ಎಂಬ ಮಾನ್ಯ ಅಜ್ಜಿಯರು ಯಾರೂ ಈ ಪಟ್ಟಿಯಲ್ಲಿಲ್ಲ. ಬಂದವಳು ತಾಮಾರಳು: ಮುಸುಕು ಹಾಕಿ ದಾರಿಬದಿಯಲ್ಲಿ ಕೂತು, ಮಾವ ಯೂದನಿಂದಲೇ ಗರ್ಭ ಧರಿಸಿ, ಅವನ ಮುದ್ರೆ ಮತ್ತು ಕೋಲನ್ನು ಮುಂದಿಟ್ಟು ತಪ್ಪು ಒಪ್ಪಿಸಿದವಳು. ಆಮೇಲೆ ಯೆರಿಕೋವಿನ ವೇಶ್ಯೆ ರಾಹಾಬಳು. ಆಮೇಲೆ ಮೋವಾಬಿನ ರೂತಳು. ಮೋವಾಬಿನವರು ಹತ್ತನೇ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡ ಕಟ್ಟಪ್ಪಣೆ ಮಾಡಿದೆ. ರೂತಳ ಮರಿಮಗನೇ ದಾವೀದ!

ನಾಲ್ಕನೆಯವಳು ಬತ್ಷೆಬೆ. ಅವಳ ಹೆಸರನ್ನು ಮತ್ತಾಯ ಹೇಳುವುದೇ ಇಲ್ಲ. ದಾವೀದನಿಗೆ ಸೊಲೊಮೋನ ಹುಟ್ಟಿದ್ದು ‘ಊರೀಯನವಳಲ್ಲಿ’ ಎನ್ನುತ್ತಾನೆ. ಗ್ರೀಕಿನಲ್ಲಿ ‘ಹೆಂಡತಿ’ ಎಂಬ ಪದವೂ ಇಲ್ಲ, ಅಷ್ಟು ಮೊಟಕು. ಊರೀಯ ಹಿತ್ತಿಯ, ದಾವೀದನ ದಂಡಿನ ನಿಷ್ಠಾವಂತ ಸೈನಿಕ. ರಾಜ ಅವನ ಹೆಂಡತಿಯನ್ನು ಕೂಡಿದ, ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದ. ಯಾರ ವಂಶಕ್ಕೂ ಸೇರದ ಆ ಸತ್ತವನ ಹೆಸರು ಕೊಂದವನ ವಂಶಾವಳಿಯಲ್ಲಿ ಹೀಗೆ ನಿಂತುಬಿಟ್ಟಿದೆ. ಹೆಣ್ಣಿನ ಹೆಸರು ಅಳಿಸಿದ್ದು ಕೊರತೆಯೇ, ಒಪ್ಪುತ್ತೇನೆ. ಆದರೆ ರಾಜಮನೆತನದ ಅಪರಾಧವನ್ನು ಅದರ ಕುಲಪತ್ರದಲ್ಲೇ ಬರೆದಿಡುವ ಎದೆಗಾರಿಕೆ ಎಷ್ಟು ಜನಕ್ಕಿದೆ?

ಪ್ರಸಂಗಗಳಲ್ಲಿ ಹೆಚ್ಚು ಕೇಳಿಬರುವುದು ಮಾತ್ರ ಸಂಖ್ಯೆಯ ಗುಟ್ಟು. 14 ತಲೆಮಾರುಗಳ ಮೂರು ಕಂತು. ದಾವೀದ ಎಂಬ ಹೀಬ್ರೂ ಅಕ್ಷರಗಳ ಬೆಲೆ ಕೂಡಿಸಿದರೂ 14. ಚಂದವೇ. ಆದರೆ ಈ 14 ಬರಿಸಲು ಯೆಹೋರಾಮನಿಗೂ ಉಜ್ಜೀಯನಿಗೂ ನಡುವಿನ ಮೂವರು ರಾಜರನ್ನು ಮತ್ತಾಯ ನುಂಗಿದ್ದಾನೆ. ಇಷ್ಟಾದರೂ ಕೊನೆಯ ಕಂತನ್ನು ಬೆರಳು ಮಡಚಿ ಎಣಿಸಿದರೆ 13ಕ್ಕೇ ನಿಲ್ಲುತ್ತದೆ. ಲೂಕನ ಪಟ್ಟಿಯಂತೂ ಹಿಮ್ಮುಖವಾಗಿ ಆದಾಮನವರೆಗೆ ಹೋಗುತ್ತದೆ. ಅಲ್ಲಿ ಯೋಸೇಫನ ಅಪ್ಪನ ಹೆಸರೇ ಬೇರೆ. ಎರಡನ್ನೂ ಹೊಂದಿಸಲು ಹೆಣಗುವ ಪಂಡಿತರಿಗೆ ಕೈಮುಗಿದು ಮುಂದೆ ಹೋಗುತ್ತೇನೆ. ಕೊನೆಯಿಲ್ಲದ ವಂಶಾವಳಿಗಳಲ್ಲಿ ಮುಳುಗಬೇಡಿ ಎಂದು ತಿಮೊಥೆಯನಿಗೆ ಬರೆದ ಪತ್ರವೇ ಎಚ್ಚರಿಸಿದೆಯಲ್ಲ.

ನನ್ನನ್ನು ನಿಲ್ಲಿಸುವುದು ಒಂದು ಕ್ರಿಯಾಪದ. ಇಂಥವನು ಇಂಥವನನ್ನು ‘ಪಡೆದನು’ ಎಂದು 39 ಸಲ ಬಡಿದುಕೊಂಡು ಬಂದ ಗ್ರೀಕ್ ಕ್ರಿಯಾಪದ ಯೋಸೇಫನ ಹತ್ತಿರ ಬಂದು ಮಗ್ಗುಲು ಬದಲಿಸುತ್ತದೆ. ಯೋಸೇಫ ಯಾರನ್ನೂ ಪಡೆಯುವುದಿಲ್ಲ. ಅವನು ಮರಿಯಳ ಗಂಡ, ಅವಳಲ್ಲಿ ಯೇಸು ಹುಟ್ಟಿದ. ಅಷ್ಟು ಉದ್ದ ಹರಿದು ಬಂದ ರಕ್ತದ ಸಾಲು ಗುರಿ ಮುಟ್ಟುವ ಒಂದು ಹೆಜ್ಜೆ ಮೊದಲೇ ಕಡಿದುಹೋಯಿತು. ಭೈರಪ್ಪನವರ ‘ವಂಶವೃಕ್ಷ’ದ ಶ್ರೋತ್ರಿಗಳಿಗೆ ತಾವು ನಂಬಿದ ವಂಶದ ರಕ್ತ ತಮ್ಮದಲ್ಲ ಎಂದು ತಿಳಿದಾಗ ಕಾಲಡಿಯ ನೆಲವೇ ಕುಸಿಯುತ್ತದೆ. ಮತ್ತಾಯ ತನ್ನ ಪುಸ್ತಕವನ್ನು ಆ ಕುಸಿತದಿಂದಲೇ ಶುರು ಮಾಡುತ್ತಾನೆ.

ಇನ್ನು ಆ ಅಜೋರ, ಅಖೀಮ. ಜೆರುಬ್ಬಾಬೆಲನಿಗೂ ಯೋಸೇಫನಿಗೂ ನಡುವೆ ಇಂಥ 9 ಮಂದಿ ಇದ್ದಾರೆ. ರಾಜ್ಯ ಕೈಬಿಟ್ಟ ಮೇಲೆ ಹುಟ್ಟಿ, ಮಕ್ಕಳನ್ನು ಸಾಕಿ, ಸತ್ತವರು. ಬೈಬಲಿನಲ್ಲಿ ಇವರ ಬಗ್ಗೆ ಬೇರೆಲ್ಲೂ ಒಂದು ಸಾಲಿಲ್ಲ. ಡಿಸೆಂಬರ್ 17ಕ್ಕೊಮ್ಮೆ ಇವರ ಹೆಸರು ಮೈಕಿನಲ್ಲಿ ಕೇಳಿಸುತ್ತದೆ. ಸೆಪ್ಟೆಂಬರ್ 8ಕ್ಕೂ ಕೇಳಿಸುತ್ತದೆ, ಓದುವವರು 18ನೇ ವಚನಕ್ಕೆ ಹಾರದಿದ್ದರೆ.